ಡ್ರೋನ್‌ಗೂ ಬೇಕು ಒಂದು ಲೆಕ್ಕದ ಪುಸ್ತಕ

ಕೆಂಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ, ತಿಪಟೂರು ಮಂಡಿಗೆ ಹಾಕಿದ ಕೊಬ್ಬರಿಯ ಚೀಟಿಯನ್ನು ಎತ್ತಿಡದ ಮನೆ ಸಿಗುವುದು ಕಷ್ಟ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್‌ಗೂ ಅಂಥದ್ದೇ ಒಂದು ಲೆಕ್ಕ ಬೇಕು. ಯಾಕೆ ಅಂತ ನೋಡೋಣ.

ಕಾನೂನಿನ ಕಣ್ಣಲ್ಲಿ ಡ್ರೋನ್ ಕೂಡ ವಿಮಾನವೇ, ಪೈಲಟ್ ಒಳಗೆ ಕೂರುವುದಿಲ್ಲ ಅಷ್ಟೇ. ಮೊದಲಿದ್ದ ನಿಯಮದಲ್ಲಿ ಅದಕ್ಕೆ ನಿರ್ವಹಣಾ ಪ್ರಮಾಣಪತ್ರವೂ ಇತ್ತು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಹತ್ತಾರು ಅನುಮತಿಗಳ ಜೊತೆ ಅದನ್ನೂ ತೆಗೆದುಹಾಕಿದವು. ಒಳ್ಳೆಯದೇ ಆಯ್ತು, ಹಳ್ಳಿಯವರು ಒಂದು ಕಾಗದಕ್ಕಾಗಿ ಅಲೆಯುವುದು ತಪ್ಪಿತು. ಆದರೆ ಹೋಗಿದ್ದು ಕಾಗದ, ಜವಾಬ್ದಾರಿಯಲ್ಲ. ಔಷಧಿ ಹೊಡೆಯುವ ಡ್ರೋನ್‌ಗೆ ನೋಂದಣಿ ಸಂಖ್ಯೆ, ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್, ಮೂರನೆಯವರ ವಿಮೆ ಈಗಲೂ ಬೇಕು. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಟಲ್ ಸ್ಕೈ ಮೂಲಕ ಡಿಜಿಸಿಎಗೆ ತಿಳಿಸಬೇಕು. ಆಗ ಮೊದಲು ಏಳುವ ಪ್ರಶ್ನೆ: ರೆಕ್ಕೆ ಬದಲಾಯಿಸಿದ್ದು ಯಾರು, ಯಾವಾಗ?

ಸ್ವಂತ ವಿಮಾನ ಇಟ್ಟುಕೊಂಡವರಿಗೆ ಅಮೆರಿಕ ಇದನ್ನು ಸರಳವಾಗಿ ಬಗೆಹರಿಸಿದೆ. ಪೈಲಟ್ ಲೈಸೆನ್ಸ್ ಇರುವ ಮಾಲೀಕ ಏನೇನು ಮಾಡಬಹುದು ಅಂತ ಅಲ್ಲಿನ ನಿಯಮದಲ್ಲೇ ಪಟ್ಟಿ ಇದೆ: ಟೈರ್ ಬದಲಾವಣೆ, ಆಯಿಲ್ ಬದಲಾವಣೆ, ಸ್ಪಾರ್ಕ್ ಪ್ಲಗ್ ಕ್ಲೀನಿಂಗ್, ಬ್ಯಾಟರಿ ಬದಲಾವಣೆ ಇತ್ಯಾದಿ. ಅದರಾಚೆಗಿನ ಕೆಲಸ ಲೈಸೆನ್ಸ್ ಇರುವ ಮೆಕ್ಯಾನಿಕ್‌ನದು. ಒಂದು ಷರತ್ತಿದೆ. ಮಾಡಿದ ಕೆಲಸ ಏನು, ಮುಗಿದ ದಿನಾಂಕ, ಸಹಿ, ಲೈಸೆನ್ಸ್ ನಂಬರ್ ಇಷ್ಟನ್ನೂ ಲಾಗ್‌ಬುಕ್‌ನಲ್ಲಿ ಬರೆಯಲೇಬೇಕು. ಎರಡೇ ನಿಮಿಷದ ಕೆಲಸ.

ಇದನ್ನೇ ನಮ್ಮ ಡ್ರೋನ್‌ಗೆ ಹೊಂದಿಸಿಕೊಳ್ಳಿ. ಕಟ್ಟಿಕೊಂಡ ನಾಝಲ್ ಬಿಡಿಸುವುದು, ಟ್ಯಾಂಕ್ ತೊಳೆಯುವುದು, ಕಂಪನಿಯ ಕೈಪಿಡಿ ಹೇಳಿದಂತೆ ರೆಕ್ಕೆ ಬದಲಿಸುವುದು ನಿಮ್ಮ ಕೆಲಸ. ಮೋಟಾರ್, ವೈರಿಂಗ್, ಫ್ಲೈಟ್ ಕಂಟ್ರೋಲರ್ ಸರ್ವಿಸ್ ಸೆಂಟರ್‌ನವರದು. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು. ಪ್ರತಿ ಬ್ಯಾಟರಿಗೂ ನಂಬರ್ ಬರೆದು, ಎಷ್ಟು ಸಲ ಚಾರ್ಜ್ ಆಯ್ತು ಅಂತ ಗುರುತು ಹಾಕಿ. ಯಾವುದು ಬೇಗ ಸೋಲುತ್ತಿದೆ ಎಂಬುದು ಆ ಗುರುತಿನಲ್ಲೇ ಕಾಣುತ್ತದೆ.

ಟ್ಯಾಂಕ್ ತೊಳೆದದ್ದನ್ನು ಬರೆಯುವುದು ಇನ್ನೂ ಮುಖ್ಯ. ರಾಗಿ ಹೊಲಕ್ಕೆ ಕಳೆನಾಶಕ ಹೊಡೆದು, ಸರಿಯಾಗಿ ತೊಳೆಯದೆ ಪಕ್ಕದವರ ಟೊಮ್ಯಾಟೊಗೆ ಕೀಟನಾಶಕ ಹೊಡೆದರೆ, ಉಳಿದ ಅಂಶಕ್ಕೇ ಗಿಡ ಮುರುಟಬಹುದು. ಜಗಳ ಪಂಚಾಯ್ತಿಗೆ ಹೋದಾಗ ‘ತೊಳೆದಿದ್ದೆ’ ಅನ್ನುವ ಬಾಯಿಮಾತಿಗಿಂತ ತಾರೀಖು ಹಾಕಿದ ಒಂದು ಸಾಲು ಗಟ್ಟಿ.

ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಪೈಲಟ್ ಜೊತೆಗೆ ರಿಪೇರಿ ನೋಡಿಕೊಳ್ಳುವ ಸಹಾಯಕರಿಗೂ ತರಬೇತಿ ಇದೆ. ವಿಮೆ ಒಂದು ವರ್ಷದ್ದು, ನಿರ್ವಹಣಾ ಒಪ್ಪಂದ ಎರಡು ವರ್ಷದ್ದು. ಆಮೇಲಿನ ಖರ್ಚೆಲ್ಲ ಸಂಘದ ತಲೆ ಮೇಲೆ.

ಸಾಲದ ಕಂತು, ಉಳಿತಾಯದ ಪೈಸೆ ಪೈಸೆಯನ್ನೂ ವಾರವಾರ ಬರೆದಿಡುವುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಅದೇ ಬೀರುವಿನಲ್ಲಿ ಇನ್ನೊಂದು ಪುಸ್ತಕಕ್ಕೆ ಜಾಗ ಮಾಡಿದರೆ ಆಯ್ತು. ತರಬೇತಿ ಕೊಡುವವರು ಡ್ರೋನ್ ಜೊತೆ ಕನ್ನಡದಲ್ಲಿ ಅಚ್ಚಾದ ಒಂದು ಲಾಗ್‌ಬುಕ್ಕನ್ನೂ ಕೊಡಲಿ.