ಮಗು ‘ನಕ್ಕೊ’ ಅಂದಾಗ

ಜುಮಾದ ದಿನ ಹೀಗೊಂದು ದೃಶ್ಯವನ್ನು ನೀವು ನೋಡಿರಬಹುದು. ಮಸೀದಿಯ ಮೈಕ್ ಒಮ್ಮೆಲೆ ಕುಯ್ಯೆನ್ನುತ್ತದೆ. ಎಲ್ಲರೂ ಮುಖ ಸಿಂಡರಿಸಿ ಸುಮ್ಮನಾಗುತ್ತಾರೆ. ಏಳೆಂಟು ವರ್ಷದ ಒಬ್ಬ ಹುಡುಗ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಸಫ್‌ನಿಂದೆದ್ದು ಬಾಗಿಲ ಕಡೆ ಓಡುತ್ತಾನೆ. ತಂದೆ ನಾಚಿಕೆಯಿಂದ ಕೈ ಹಿಡಿದೆಳೆದು ಕೂರಿಸುತ್ತಾರೆ. ‘ಮಗುವಿಗೆ ಅದಬ್ ಕಲಿಸಿಲ್ಲ’ ಎಂದು ಯಾರೋ ಗೊಣಗುತ್ತಾರೆ.

ಆ ಹುಡುಗನಿಗೆ ಆಟಿಸಂ ಇದ್ದರೆ, ಅವನು ಮಾಡಿದ್ದು ಅವಿಧೇಯತೆಯಲ್ಲ. ‘ಈ ಸದ್ದು ನನಗೆ ತಡೆಯಲಾಗುತ್ತಿಲ್ಲ, ಹೊರಗೆ ಹೋಗಬೇಕು’ ಎಂದು ತನಗೆ ಬಂದ ರೀತಿಯಲ್ಲಿ ಹೇಳಿದ. ತನ್ನ ಪರವಾಗಿ ತಾನೇ ಮಾತಾಡುವುದು ಎನ್ನುವುದರ ಮೊದಲ ಪಾಠ ಅದೇ. ನಾವು ಕೈ ಹಿಡಿದೆಳೆದಾಗ ಆ ಪಾಠವನ್ನು ಮರೆಸುತ್ತೇವೆ.

ಆಟಿಸಂ ಮೆದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ತಾಯಿಯ ತಪ್ಪಿನಿಂದಲೋ, ಲಸಿಕೆಯಿಂದಲೋ, ನಜರ್ ತಗುಲಿದ್ದರಿಂದಲೋ ಬರುವುದಲ್ಲ. ಕೆಲವು ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ, ಕೆಲವರು ಒಂದು ಪದವನ್ನೂ ಆಡುವುದಿಲ್ಲ. ಸದ್ದು, ಬೆಳಕು, ವಾಸನೆ, ಬಟ್ಟೆಯ ಒರಟು ಅವರಿಗೆ ನಮಗಿಂತ ಹಲವು ಪಟ್ಟು ಚುಚ್ಚಬಹುದು. ಈದ್‌ನ ಹೊಸ ಶೇರ್ವಾನಿ ಹಾಕಿಕೊಳ್ಳಲು ಅಳುವ ಮಗು ಹಟಮಾರಿಯೇ ಆಗಿರಬೇಕಿಲ್ಲ. ಕಾಲರಿನ ಜರಿ ಅದರ ಕುತ್ತಿಗೆಗೆ ಮುಳ್ಳಾಗಿರಬಹುದು.

ಸಹೀಹುಲ್ ಬುಖಾರಿಯಲ್ಲಿರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪ್ರವಾದಿ(ಸ)ಯವರಿಗೆ ಕುಡಿಯಲು ಏನೋ ತಂದುಕೊಟ್ಟರು. ಬಲಗಡೆ ಒಬ್ಬ ಬಾಲಕ, ಎಡಗಡೆ ಹಿರಿಯರು. ಕುಡಿದ ಮೇಲೆ ಬಲಗಡೆಯವರಿಗೆ ಮೊದಲು ಕೊಡಬೇಕು. ಹಿರಿಯರಿಗೆ ಮೊದಲು ಕೊಡಲು ನಿನ್ನ ಒಪ್ಪಿಗೆಯಿದೆಯೇ ಎಂದು ಅವರು ಬಾಲಕನನ್ನು ಕೇಳಿದರು. ತಮ್ಮಿಂದ ಬರುವ ಪಾಲನ್ನು ಬೇರೆಯವರಿಗೆ ಬಿಟ್ಟುಕೊಡಲಾರೆ ಎಂದು ಹುಡುಗ ಹೇಳಿದ. ಪ್ರವಾದಿ(ಸ) ಗದರಲಿಲ್ಲ, ಪಾತ್ರೆಯನ್ನು ಅವನ ಕೈಗೇ ಇತ್ತರು. ಅವರು ಮೊದಲು ಕೇಳಿದರು, ಆಮೇಲೆ ಸಿಕ್ಕ ಉತ್ತರಕ್ಕೆ ಬೆಲೆ ಕೊಟ್ಟರು. ನಮ್ಮ ಮನೆಗಳಲ್ಲಿ ಕೇಳುವುದೇ ಕಡಿಮೆ. ಕೇಳಿದರೂ ‘ಬೇಡ’ ಎಂಬ ಉತ್ತರವನ್ನು ಒಪ್ಪುವುದು ಇನ್ನೂ ಕಡಿಮೆ.

ಇದು ಬರೀ ಮಗುವಿನ ಇಷ್ಟಾನಿಷ್ಟದ ವಿಷಯವಲ್ಲ. ದೊಡ್ಡವರು ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ಮಾಡಬೇಕೆಂದು ಪಳಗಿಸಿದ ಮಗು, ಕೆಟ್ಟ ಉದ್ದೇಶದಿಂದ ಮುಟ್ಟುವವನ ಮುಂದೆಯೂ ಸುಮ್ಮನಿರುತ್ತದೆ. ಮಾತು ಬಾರದ ಮಗುವಾದರೆ ಆಮೇಲೆ ಬಂದು ಹೇಳುವುದೂ ಕಷ್ಟ. ಪೋಕ್ಸೊ ಕಾಯ್ದೆ 2012ರಿಂದ ಇದೆ, ಆದರೆ ಕಾಯ್ದೆ ಬರುವುದು ಘಟನೆ ನಡೆದ ಮೇಲೆ. ‘ನಕ್ಕೊ’ ಎನ್ನುವ ಪದ ಅದಕ್ಕೂ ಮೊದಲೇ ಮಗುವಿನ ಬಳಿ ಇರಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ದಿನಕ್ಕೆ ಒಂದೆರಡು ನಿಜವಾದ ಆಯ್ಕೆಗಳಿಂದ. ಎರಡು ಅಂಗಿ ಹಿಡಿದು ಯಾವುದು ಬೇಕೆಂದು ಕೇಳಿ. ಬೆರಳು ತೋರಿಸಿದರೂ ಸಾಕು, ಕಣ್ಣು ಹೊರಳಿಸಿದರೂ ಸಾಕು. ಮಗು ಆರಿಸಿದ್ದನ್ನೇ ತೊಡಿಸಿ. ಕೇಳಿದ ಮೇಲೆ ನಿಮ್ಮಿಷ್ಟದ್ದನ್ನೇ ತೊಡಿಸುವುದಾದರೆ ಕೇಳದಿರುವುದೇ ಮೇಲು.

ಎರಡನೆಯದಾಗಿ, ‘ಸಾಕು, ನಿಲ್ಲಿಸಿ’ ಎನ್ನಲು ಒಂದು ಸನ್ನೆ ಗೊತ್ತುಮಾಡಿ. ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಹೆಚ್ಚಾಗುವುದಿಲ್ಲ, ಮನೆಮಾತನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಮನೆಯಲ್ಲಿ ‘ನಕ್ಕೊ’, ಶಾಲೆಯಲ್ಲಿ ‘ಬ್ಯಾಡ್ರಿ’ ಎಂದು ಬದಲಿಸಿಕೊಳ್ಳುವುದು ಗಾಬರಿಯಾದ ಮಗುವಿಗೆ ಆಗದು. ಅಂಗೈ ಎತ್ತಿ ತೋರಿಸುವುದೋ, ಕೆಂಪು ಬಣ್ಣದ ಒಂದು ಕಾರ್ಡೋ ಎಲ್ಲ ಕಡೆಯೂ ಒಂದೇ ಆಗಿರಲಿ. ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ ಕಾರ್ಡ್ ಸಾಕು. ಮೊಬೈಲಿನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆ್ಯಪ್‌ಗಳೂ ಇವೆ. ಚೆನ್ನೈನಲ್ಲಿ ತಯಾರಾದ ಒಂದರ ಹೆಸರೇ ‘ಆವಾಜ್’. ಚಿತ್ರ ಕೊಟ್ಟರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ.

ಈ ಕಾರ್ಡನ್ನು ಪರೀಕ್ಷಿಸಲು ಕಟಿಂಗ್ ಅಂಗಡಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮಷೀನಿನ ಗುಂಯ್ ಸದ್ದು, ಕುತ್ತಿಗೆಗೆ ಬಿಗಿದ ಬಟ್ಟೆ, ಮೈಮೇಲೆ ಬೀಳುವ ಕೂದಲು, ಇವೆಲ್ಲ ಒಟ್ಟಿಗೇ ಬರುತ್ತವೆ. ಸಾಮಾನ್ಯವಾಗಿ ಇಬ್ಬರು ಹಿಡಿದು, ಮೂರನೆಯವರು ಕತ್ತರಿಸುತ್ತಾರೆ. ಬದಲಿಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೋಗಿ. ಅಂಗಡಿಯವರಿಗೆ ಮೊದಲೇ ಹೇಳಿ: ‘ಭಾಯ್, ಇವನು ಕಾರ್ಡ್ ಎತ್ತಿದರೆ ಕತ್ತರಿ ನಿಲ್ಲಿಸಿ, ಹತ್ತು ಎಣಿಸಿ ಮತ್ತೆ ಶುರು ಮಾಡಿ.’ ಮೊದಲ ಸಲ ಮಗು ನಿಮಿಷಕ್ಕೊಮ್ಮೆ ಎತ್ತೀತು. ನಿಜವಾಗಿಯೂ ನಿಲ್ಲಿಸುತ್ತಾರೋ ಎಂದು ನೋಡುತ್ತಿರುತ್ತದೆ. ಅರ್ಧ ಕಟಿಂಗ್‌ನಲ್ಲೇ ಮನೆಗೆ ಬರಬೇಕಾದರೂ ಬನ್ನಿ. ದಾದಿ ನಗಬಹುದು, ನಗಲಿ.

ಎಲ್ಲ ‘ಬೇಡ’ಗಳನ್ನೂ ಒಪ್ಪಲಾಗದು ಎಂಬುದೂ ನಿಜ. ಇಂಜೆಕ್ಷನ್ ಆಗಲೇಬೇಕು, ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಡಿಯಲೇಬೇಕು. ಆಗಲೂ ‘ನಿನಗೆ ಬೇಡವೆಂದು ಗೊತ್ತು, ಆದರೂ ಇದು ಆಗಬೇಕು’ ಎಂದು ಮೊದಲೇ ಹೇಳಿ. ಯಾವ ತೋಳಿಗೆ ಎಂಬುದನ್ನು ಮಗುವೇ ಆರಿಸಲಿ.

ಮಗುವಿನ ಎದುರಿಗೇ ‘ಇವನಿಗೇನೂ ತಿಳಿಯಲ್ಲ’ ಎಂದು ನೆಂಟರಿಗೆ ಹೇಳುವ ಚಾಳಿಯನ್ನು ಬಿಡಬೇಕು. ಮಾತಾಡದ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಅರ್ಥವಾಗುವ ವಯಸ್ಸಿಗೆ ಆಟಿಸಂ ಎಂಬ ಹೆಸರನ್ನು ಮಗುವಿಗೇ ತಿಳಿಸಿ. ಹೆಸರು ಗೊತ್ತಿದ್ದರೆ ತಾನೇ ಟೀಚರಿಗೆ ಹೇಳಿಕೊಳ್ಳಲು ಸಾಧ್ಯ? ಶಾಲೆ ಶುರುವಾಗುವಾಗ ಒಂದು ಚೀಟಿ ಬರೆಯಿರಿ: ಗಂಟೆಯ ಸದ್ದಿನಿಂದ ದೂರ ಕೂರಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೀಗೆ. ಮಗುವನ್ನು ಕೇಳಿಯೇ ಬರೆಯಿರಿ, ಸಾಧ್ಯವಾದರೆ ಅದರ ಕೈಯಲ್ಲೇ ಕೊಡಿಸಿ.

ಇದು ಶಾಲೆಯವರ ಉಪಕಾರವೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಅದು ಹೇಳುತ್ತದೆ. ಪರೀಕ್ಷೆ ಮಾಡಿಸದವರು ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಧಾರವಾಡದ ಡಿಮ್ಹಾನ್ಸ್ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ನಮಗೆ ಬಹಳ ಹತ್ತಿರ. ಪ್ರಮಾಣಪತ್ರವಾದ ಮೇಲೆ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ.

ಮಗುವಿಗೆ 18 ತುಂಬಿದಾಗ ಇನ್ನೊಂದು ಘಟ್ಟ ಬರುತ್ತದೆ. ತಂದೆತಾಯಿಯನ್ನೇ ಕಾನೂನಿನ ಪಾಲಕರನ್ನಾಗಿ ಮಾಡಲು ರಾಷ್ಟ್ರೀಯ ನ್ಯಾಸ ಕಾಯ್ದೆ 1999ರ ಅಡಿ ಅರ್ಜಿ ಹಾಕಬಹುದು. ಹಲವರು ಯೋಚಿಸದೆ ಹಾಕುತ್ತಾರೆ. ಆದರೆ 2016ರ ಕಾಯ್ದೆ ‘ಸೀಮಿತ ಪಾಲಕತ್ವ’ದ ಮಾತಾಡುತ್ತದೆ. ಅಂದರೆ ಆ ವ್ಯಕ್ತಿಯನ್ನು ಕೇಳಿ, ಪಾಲಕರೂ ಅವರೂ ಕೂಡಿ ತೀರ್ಮಾನ ಮಾಡುವುದು. ಅಂಗಿ ಆರಿಸಿ ಬೆಳೆದ ಮಗು ಆ ಹೊತ್ತಿಗೆ ಬ್ಯಾಂಕ್ ಖಾತೆಯ ಬಗ್ಗೆಯೂ ತನ್ನ ಅಭಿಪ್ರಾಯ ತಿಳಿಸಬಲ್ಲದು. ಒಂದನ್ನೂ ಆರಿಸದೆ ಬೆಳೆದವರಿಗೆ 18ರಲ್ಲಿ ದಿಢೀರನೆ ಕಲಿಸಲಾಗದು.

ಮಸೀದಿ ಕಮಿಟಿಯವರಲ್ಲಿ ಒಂದು ಮಾತು. ಕೊನೆಯ ಸಫ್‌ನಲ್ಲಿ, ಬಾಗಿಲ ಪಕ್ಕ, ಸ್ಪೀಕರಿನಿಂದ ದೂರ ಇಬ್ಬರಿಗೆ ಜಾಗ ಬಿಡಿ. ತಂದೆ ಮಗನ ಜೊತೆ ಅಲ್ಲಿ ಕೂರಲಿ. ಮಗು ಕಾರ್ಡ್ ತೋರಿಸಿದಾಗ ಇಬ್ಬರೂ ಎದ್ದು ವುಝೂ ಮಾಡುವ ಜಾಗದ ಕಡೆ ಹೋಗಿ, ಸ್ವಲ್ಪ ಹೊತ್ತು ನೀರಿನ ಬಳಿ ಕೂತು ಬರಲಿ. ಯಾರೂ ತಿರುಗಿ ನೋಡದಿದ್ದರೆ ಸಾಕು.