ನನ್ನ ತಕ್ಕಡಿಯಲ್ಲಿ ಕರುಳು ಇರಲಿಲ್ಲ

ಅಭ್ಯಾಸ ಬೋಧನೆಯ ಎರಡನೇ ವಾರ ಹತ್ತನೆಯ ತರಗತಿಗೆ ಹಾರ್ಮೋನುಗಳ ಪಾಠ. ಕಪ್ಪು ಹಲಗೆಯ ಮೇಲೆ ತಕ್ಕಡಿ ಬರೆದೆ. ಒಂದು ತಟ್ಟೆಯಲ್ಲಿ ಇನ್ಸುಲಿನ್, ಇನ್ನೊಂದರಲ್ಲಿ ಗ್ಲುಕಗಾನ್. ರಕ್ತದಲ್ಲಿ ಸಕ್ಕರೆ ಏರಿದರೆ ಮೊದಲನೆಯದು ಇಳಿಸುತ್ತದೆ. ಇಳಿದರೆ ಎರಡನೆಯದು ಯಕೃತ್ತಿನ ಗ್ಲೈಕೋಜನನ್ನು ಗ್ಲೂಕೋಸ್ ಮಾಡಿಸಿ ಏರಿಸುತ್ತದೆ. ಪಾಠಯೋಜನೆಯಲ್ಲಿ ಇದ್ದದ್ದು ಇಷ್ಟೇ.

ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ನಂಗೆ ಟೈಪ್ 1 ಶುಗರ್ ಇದೆ. ಗ್ಲುಕಗಾನ್ ನನ್ನಲ್ಲೂ ಇರುತ್ತಲ್ಲ, ಮತ್ತೆ ಶುಗರ್ ಇಳಿದು ಕೈ ನಡುಗೋದು ಯಾಕೆ?”

“ನಾಳೆ ಹೇಳ್ತೀನಿ” ಎಂದೆ. ಉತ್ತರ ನಿಜಕ್ಕೂ ಗೊತ್ತಿರಲಿಲ್ಲ.

ಟೈಪ್ 1 ಮಧುಮೇಹದಲ್ಲಿ ನಾಶವಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು. ಗ್ಲುಕಗಾನ್ ಸ್ರವಿಸುವ ಆಲ್ಫಾ ಕೋಶಗಳು ಉಳಿದಿರುತ್ತವೆ. ಆದರೆ ಕೆಲವೇ ವರ್ಷಗಳಲ್ಲಿ ಅವು ಸಕ್ಕರೆ ಇಳಿದಾಗ ಸರಿಯಾಗಿ ಸ್ಪಂದಿಸುವುದಿಲ್ಲ. ಇತ್ತ ಚುಚ್ಚಿಕೊಂಡ ಇನ್ಸುಲಿನ್‌ಗೆ ನಿಲ್ಲುವುದು ಗೊತ್ತಿಲ್ಲ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೂ ಕೆಲಸ ಮಾಡುತ್ತಲೇ ಇರುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಕಟ್ಟಿದ ಹಾಗೆ.

ನಾನು ಪೂರ್ತಿ ಬಿಟ್ಟಿದ್ದು ಕರುಳನ್ನು. ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ಗುರುತಿಸಿದ ಸೆಕ್ರೆಟಿನ್ ಕೂಡ ಕರುಳಿನ ಹಾರ್ಮೋನೇ; ‘ಹಾರ್ಮೋನ್’ ಎಂಬ ಹೆಸರು ಬಂದದ್ದು ಆಮೇಲೆ, 1905ರಲ್ಲಿ. ಊಟ ಮಾಡಿದಾಗ ಕರುಳಿನ ಕೋಶಗಳು ಜಿಎಲ್‌ಪಿ-1, ಜಿಐಪಿ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಆರೋಗ್ಯವಂತರಲ್ಲಿ ಎರಡೂ ಇನ್ಸುಲಿನ್ ಹೆಚ್ಚಿಸುತ್ತವೆ, ಅದೂ ಸಕ್ಕರೆ ಏರಿರುವಾಗ ಮಾತ್ರ. ಗ್ಲುಕಗಾನ್ ವಿಷಯದಲ್ಲಿ ದಾರಿ ಬೇರೆ. ಜಿಎಲ್‌ಪಿ-1 ಅದನ್ನು ತಗ್ಗಿಸುತ್ತದೆ, ಸಕ್ಕರೆ ಇಳಿದಾಗ ಆ ಹಿಡಿತ ಸಡಿಲವಾಗುತ್ತದೆ. ಜಿಐಪಿಯಾದರೋ ಸಕ್ಕರೆ ಇಳಿದಾಗ ಗ್ಲುಕಗಾನನ್ನು ಹೆಚ್ಚಿಸುತ್ತದೆ. ಡೆನ್ಮಾರ್ಕ್‌ನ ಸಂಶೋಧಕರು ಟೈಪ್ 1 ಇರುವವರ ಸಕ್ಕರೆ ಇಳಿಸಿ ಜಿಐಪಿಯನ್ನು ರಕ್ತನಾಳಕ್ಕೆ ಕೊಟ್ಟಾಗ ಗ್ಲುಕಗಾನ್ ಏರಿತು. ಸಕ್ಕರೆ ಕಾಯಲು ಹೊರಗಿನಿಂದ ಕೊಡಬೇಕಾದ ಗ್ಲೂಕೋಸ್ ಕಡಿಮೆಯೇ ಸಾಕಾಯಿತು. ಅಂದರೆ ಆಲ್ಫಾ ಕೋಶವನ್ನು ಎಬ್ಬಿಸಲು ಸಾಧ್ಯ.

ಇದನ್ನು ಉತ್ಸಾಹದಿಂದ ಹೇಳಿಬಿಡುವವಳಿದ್ದೆ. ಆದರೆ ಅದು ಪ್ರಯೋಗಶಾಲೆಯ ಮಾತು, ಅವಳ ಚೀಲದಲ್ಲಿರುವ ಔಷಧವಲ್ಲ. ಜೊತೆಗೆ ಊಟ ತಪ್ಪಿದಾಗ ಕರುಳಿನಿಂದ ಬರುವ ಜಿಐಪಿ ತೀರಾ ಕಡಿಮೆ.

ಮರುದಿನ ತಕ್ಕಡಿಯ ಪಕ್ಕ ಕರುಳು ಬರೆದು ಎರಡು ಬಾಣ ಹಾಕಿದೆ. ಅವಳು ನೋಡಿಕೊಂಡು, “ಆಟದ ಪಿರಿಯಡ್ ಆದ್ಮೇಲೇ ಹೀಗಾಗೋದು. ಆದ್ರೆ ಕ್ಲಾಸಲ್ಲಿ ತಿನ್ನಬಾರ್ದಲ್ಲ ಮೇಡಂ” ಎಂದಳು.

ಆ ನಿಯಮ ನನ್ನದೇ, ಮೊದಲ ದಿನ ಹಲಗೆಯ ಮೂಲೆಯಲ್ಲಿ ಬರೆದದ್ದು. ಅದನ್ನು ಅಳಿಸಿದೆ. ನಡುಕ, ಬೆವರು ಕಂಡರೆ ಕೂತಲ್ಲೇ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಚಮಚ ಸಕ್ಕರೆ ಕರಗಿಸಿದ ನೀರು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಸ್ಟಾಫ್ ರೂಮಿಗೆ ಅವಳನ್ನು ಒಬ್ಬಳೇ ಕಳಿಸುವಂತಿಲ್ಲ. ಗ್ಲೂಕೋಸ್ ಪುಡಿಯ ಡಬ್ಬಿ ಈಗ ಮೇಜಿನ ಡ್ರಾಯರಿನಲ್ಲಿದೆ, ಬೀಗವಿಲ್ಲದೆ.