ಮಾತಾಡಿಸಿಕೊಂಡು ಬರುವ ಮುನ್ನ

ಹಿರೇಗುಂಟನೂರಿನಂಥ ಊರಲ್ಲಿ ಯಾರಾದರೂ ಚಿತ್ರದುರ್ಗದ ದೊಡ್ಡಾಸ್ಪತ್ರೆ ಸೇರಿದರೆ ಸುದ್ದಿ ಸಂಜೆಯೊಳಗೆ ಓಣಿ ಸುತ್ತುತ್ತದೆ. ‘ಒಂದ್ಸಲ ಮಾತಾಡಿಸ್ಕೊಂಡು ಬರ್ಬೇಕಲ್ಲ’ ಎಂದು ಮರುದಿನವೇ ನಾಲ್ಕಾರು ಜನ ಬಸ್ಸು ಹತ್ತುತ್ತಾರೆ. ಕೈಯಲ್ಲಿ ಎಳನೀರು, ಬ್ರೆಡ್ಡು, ಬಾಳೆಹಣ್ಣು. ವಾರ್ಡಿನಲ್ಲಿ ಕುರ್ಚಿ ಸಿಗದಿದ್ದರೆ ಮಂಚದ ಅಂಚಿನಲ್ಲೇ ಕೂರುತ್ತಾರೆ. ಹಣೆ ಮುಟ್ಟಿ ನೋಡುತ್ತಾರೆ, ಡ್ರಿಪ್ ಹಾಕಿದ ಕೈಯನ್ನು ಹಿಡಿದುಕೊಳ್ಳುತ್ತಾರೆ. ಹೊರಡುವಾಗ ಪಕ್ಕದ ಮಂಚದವರ ಯೋಗಕ್ಷೇಮವನ್ನೂ ಕೇಳಿ, ಅವರ ತಲೆ ಸವರಿ ಬರುತ್ತಾರೆ.

ಈ ಅಕ್ಕರೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಇದೇ ಕೈಗಳಲ್ಲಿ ಕಣ್ಣಿಗೆ ಕಾಣದ ಪ್ರಯಾಣಿಕರೂ ಒಂದು ಮಂಚದಿಂದ ಇನ್ನೊಂದಕ್ಕೆ ದಾಟುತ್ತಾರೆ.

ಆಸ್ಪತ್ರೆ ಸೇರುವಾಗ ಇಲ್ಲದ ಸೋಂಕು, ಸೇರಿ ಸುಮಾರು 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ ಅದನ್ನು ಆಸ್ಪತ್ರೆಯಲ್ಲಿ ಅಂಟಿದ ಸೋಂಕು ಎಂದು ವೈದ್ಯರು ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಒಳರೋಗಿಗಳಾಗಿ ಸೇರಿದ ಪ್ರತಿ 100 ಜನರಲ್ಲಿ 7 ಮಂದಿಗೆ ಇಂಥ ಸೋಂಕು ತಗಲುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಸಂಖ್ಯೆ 15.

ನಮ್ಮ ಚರ್ಮ ಒಳ್ಳೆಯ ಕೋಟೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದೇ ಆ ಕೋಟೆಗೆ ಸಣ್ಣ ಸಣ್ಣ ಕಿಂಡಿ ಕೊರೆಯಬೇಕಾಗುತ್ತದೆ. ಡ್ರಿಪ್ಪಿನ ಸೂಜಿ ಒಂದು ಕಿಂಡಿ, ಮೂತ್ರದ ನಳಿಕೆ ಇನ್ನೊಂದು, ಹೊಲಿಗೆ ಹಾಕಿದ ಗಾಯ ಮತ್ತೊಂದು. ಆರೋಗ್ಯವಂತರ ಕರುಳಿನಲ್ಲಿ ತಣ್ಣಗಿರುವ ಕ್ಲೆಬ್ಸಿಯೆಲ್ಲಾ, ಚರ್ಮದ ಮೇಲಿರುವ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಈ ಕಿಂಡಿಗಳೇ ದಾರಿ. ಅಸಿನೆಟೊಬ್ಯಾಕ್ಟರ್ ಎಂಬುದಂತೂ ಮಂಚದ ಕಂಬಿಯ ಮೇಲೆ ದಿನಗಟ್ಟಲೆ ಒಣಗಿ ಕೂತರೂ ಸಾಯುವುದಿಲ್ಲ. ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್‌ಗಳ ನಡುವೆಯೇ ಉಳಿದುಕೊಂಡು ಬಂದಂಥವು. ಹಾಗಾಗಿ ಅವುಗಳಲ್ಲಿ ಹಲವು ಸಾಮಾನ್ಯ ಔಷಧಿಗೆ ಜಗ್ಗುವುದಿಲ್ಲ.

ಕೈಯೇ ಸೋಂಕಿನ ವಾಹನ ಎಂದು ಮೊದಲು ತೋರಿಸಿಕೊಟ್ಟವರಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಪ್ರಮುಖ. ಆತ ಕೆಲಸ ಮಾಡುತ್ತಿದ್ದ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುವ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದ ಸಾವು ಬಹಳ ಹೆಚ್ಚು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದುದನ್ನು ಆತ ಗಮನಿಸಿದ. 1847ರ ಮೇ ತಿಂಗಳಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಬಾರದೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆ ಕ್ಲೋರಿನ್ ಸುಣ್ಣ ನಮಗೆ ಹೊಸದಲ್ಲ. ಊರಿನ ನೀರುಗಂಟಿ ಟ್ಯಾಂಕಿಗೆ ಹಾಕುವ, ಪಂಚಾಯಿತಿಯವರು ಚರಂಡಿ ಬದಿಗೆ ಚೆಲ್ಲುವ ಬ್ಲೀಚಿಂಗ್ ಪೌಡರ್ ಅದೇ.

ಇವತ್ತು ಡಾಕ್ಟರು, ನರ್ಸುಗಳು ಕೈ ಶುಚಿ ಮಾಡಿಕೊಳ್ಳಬೇಕಾದ ಐದು ಹೊತ್ತುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದೆ: ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಅಥವಾ ನಳಿಕೆಯ ಕೆಲಸಕ್ಕೆ ಮುನ್ನ, ರಕ್ತ-ಮಲ-ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ-ಹೊದಿಕೆ ಮುಟ್ಟಿದ ಮೇಲೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಸೋಪು-ನೀರಾದರೆ ಎಲ್ಲ ಸೇರಿ 40ರಿಂದ 60 ಸೆಕೆಂಡು ಬೇಕು. ಕೊಳೆ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಉದಾಹರಣೆಗೆ, 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಅಂಥ ರೋಗಿಯ ಬಟ್ಟೆ ಬದಲಿಸಿದ ಕೈಗೆ ಸೋಪು, ಹರಿಯುವ ನೀರು ಬೇಕೇ ಬೇಕು.

ಆದರೆ ಆ ಬಟ್ಟೆ ಬದಲಿಸುವವರು ಯಾರು? ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನರ್ಸಲ್ಲ. ಸೊಸೆ, ಮಗ, ಅಕ್ಕ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲವೂ ಜೊತೆಗಿರುವವರದೇ. ಶುಶ್ರೂಷೆಯ ಅರ್ಧ ಭಾರ ಇವರ ಮೇಲಿದೆ. ಹೀಗಿರುವಾಗ ಐದು ಹೊತ್ತಿನ ನಿಯಮ ಸಿಬ್ಬಂದಿಗಷ್ಟೇ ಸೀಮಿತವಾದರೆ ಸೋಂಕಿನ ದಾರಿ ಅರ್ಧ ಮಾತ್ರ ಮುಚ್ಚುತ್ತದೆ.

ಜೊತೆಗಿರುವವರು ತಿಳಿಯಬೇಕಾದದ್ದು ದೊಡ್ಡ ಶಾಸ್ತ್ರವೇನಲ್ಲ. ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಮೇಲೆ ಸಾಗಿಸುವಾಗ ಅದನ್ನು ಹೊಟ್ಟೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಬ್ಯಾಕ್ಟೀರಿಯಾವನ್ನೂ ಒಳಗೊಯ್ಯಬಹುದು. ಡ್ರಿಪ್ ಹಾಕಿದ ಜಾಗ ಕೆಂಪಾದರೆ, ಊದಿದರೆ ಕೂಡಲೇ ಸಿಸ್ಟರ್‌ಗೆ ಹೇಳಬೇಕು. ಕೆಮ್ಮು-ನೆಗಡಿ ಇರುವವರು, ಚಿಕ್ಕ ಮಕ್ಕಳು ವಾರ್ಡಿಗೆ ಬಾರದಿರುವುದೇ ಮೇಲು. ರಕ್ತ ಮೆತ್ತಿದ ಹತ್ತಿ ಹಳದಿ ಡಬ್ಬಿಗೆ, ಬಾಳೆಹಣ್ಣಿನ ಸಿಪ್ಪೆ ಬೇರೆ ಡಬ್ಬಿಗೆ.

ಎಚ್ಚರ ತಪ್ಪಿದರೆ ಏನಾಗಬಹುದೆಂದು ಪಕ್ಕದ ಕೇರಳ 2018ರಲ್ಲಿ ಕಂಡಿತು. ಕೋಯಿಕ್ಕೋಡು-ಮಲಪ್ಪುರಂ ಭಾಗದಲ್ಲಿ ನಿಪಾ ವೈರಸ್ ಕಾಣಿಸಿಕೊಂಡಾಗ ಮೊದಲ ರೋಗಿಯ ನಂತರ ಸೋಂಕು ತಗಲಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಅದು ಬಂದದ್ದು ಆಸ್ಪತ್ರೆಯಲ್ಲೇ. ಅವರಲ್ಲಿ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಇದ್ದರು, ಬೇರೆ ಕಾಯಿಲೆಯ ರೋಗಿಗಳು ಮತ್ತು ಅವರ ಜೊತೆಗಿದ್ದವರೂ ಇದ್ದರು.

ಹಾಗೆಂದು ಬಂಧುಗಳನ್ನು ಗೇಟಿನಾಚೆ ನಿಲ್ಲಿಸುವುದೇ ಪರಿಹಾರವಲ್ಲ. ನೂರಾ ಹೆಲ್ತ್ ಎಂಬ ಸಂಸ್ಥೆ ಕರ್ನಾಟಕದ ಆಸ್ಪತ್ರೆಗಳಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ: ರೋಗಿಯ ಮನೆಯವರನ್ನೇ ವಾರ್ಡಿನಲ್ಲಿ ಕೂರಿಸಿಕೊಂಡು, ಕೈ ತೊಳೆಯುವುದರಿಂದ ಹಿಡಿದು ಅಪಾಯದ ಲಕ್ಷಣ ಗುರುತಿಸುವವರೆಗೆ ಅವರ ಭಾಷೆಯಲ್ಲೇ ಕಲಿಸುವುದು. ಆದರೆ ಕಲಿತವರು ತಿರುಗಿ ನೋಡಿದಾಗ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು ಇರಬೇಕು. ಅದು ಆಸ್ಪತ್ರೆಯ ಹೊಣೆ.

ಸಾವಿನ ಮನೆಗೆ ಹೋಗಿ ಬಂದರೆ ಬಾಗಿಲಲ್ಲೇ ಕೈಕಾಲು ತೊಳೆದು ಒಳಗೆ ಬರುವುದು ನಮಗೆ ರೂಢಿ. ಆಸ್ಪತ್ರೆಯಿಂದ ಮರಳಿದಾಗಲೂ ಹಲವರು ಹಾಗೆ ಮಾಡುತ್ತಾರೆ. ಬಂದ ಮೇಲೆ ತೊಳೆಯುವುದು ನಮ್ಮ ರಕ್ಷಣೆಗೆ. ಮುಟ್ಟುವ ಮುನ್ನ ತೊಳೆಯುವುದು ಮಂಚದ ಮೇಲಿರುವವರ ರಕ್ಷಣೆಗೆ. ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ಅವರಿಗಾಗಿಯೇ ತಾನೆ?